ಮೇಷ್ಟ್ರು ರಜೆ ಇದ್ದರೆ ಸಿನಿಮಾ: ಇದೂ ಪಾಠಾನಾ?

ಪೋಷಕಿ: ಟೀಚರ್ ರಜೆ ಹಾಕಿದ ದಿನವೆಲ್ಲ ಮಗನ ತರಗತಿಯಲ್ಲಿ ಸಿನಿಮಾ. ಅರ್ಧಕ್ಕೆ ಬೆಲ್ ಆಗುತ್ತದೆ, ಅಲ್ಲಿಗೇ ಬಂದ್. ಏನು ನೋಡಿದೆ ಅಂತ ಕೇಳಿದರೆ ಒಂದು ಫೈಟ್ ಸೀನ್ ಹೇಳುತ್ತಾನೆ. ವಿಡಿಯೋನೇ ಬೇಡ ಅಂತಲ್ಲ. ಆದರೆ ಇದರಲ್ಲಿ ಅವನು ಕಲಿತದ್ದೇನು?

ವಿಜ್ಞಾನ ಟೀಚರ್: ಹೊತ್ತು ಕಳೆಯೋಕೆ ಹಾಕಿದರೆ ಅದು ತಪ್ಪೇ. ಆದರೆ ತರಗತಿಯಲ್ಲಿ ಮಾಡಿ ತೋರಿಸಲಾಗದ್ದು ಎಷ್ಟೋ ಇದೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಫಾಲ್ಕನ್ ಹಕ್ಕಿಯ ಗರಿ ಬಿಟ್ಟರು. ಅವರು ಕೈ ಬಿಡುವ ಮುಂಚೆಯೇ ನಾನು ವಿಡಿಯೋ ನಿಲ್ಲಿಸುತ್ತೇನೆ. ಯಾವುದು ಮೊದಲು ಬೀಳುತ್ತೆ, ಯಾಕೆ, ಬರೀರಿ ಅನ್ನುತ್ತೇನೆ. ಆಮೇಲೆ ಪ್ಲೇ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. "ಅಲ್ಲಿ ಗುರುತ್ವಾಕರ್ಷಣೆ ಇಲ್ಲ ಮಿಸ್" ಅಂತ ಒಬ್ಬ. "ಇಲ್ಲದಿದ್ರೆ ಬಿದ್ದಿದ್ದು ಹೇಗೋ?" ಅಂತ ಹಿಂದಿನ ಬೆಂಚು. ಗರಿಯನ್ನು ತಡೆಯೋಕೆ ಅಲ್ಲಿ ಗಾಳಿ ಇಲ್ಲ ಅನ್ನೋದಕ್ಕೆ ಅವರೇ ಬರುತ್ತಾರೆ.

ಹಳೇ ಮೇಷ್ಟ್ರು: ನೀವು ಹಾಗೆ ಮಾಡುತ್ತೀರಿ, ಸಂತೋಷ. ಜಾಸ್ತಿ ಜನ ಲಿಂಕ್ ಒತ್ತಿ ಮೂಲೆಯಲ್ಲಿ ಕೂತು ಪೇಪರ್ ತಿದ್ದುತ್ತಾರೆ. ವಿಡಿಯೋ ಸಲೀಸಾಗಿ ಸಾಗಿದಷ್ಟೂ ನನಗೆ ಭಯ. ವೆರಿಟಾಸಿಯಂ ಅನ್ನೋ ಯೂಟ್ಯೂಬ್ ವಿಜ್ಞಾನ ಚಾನೆಲ್‌ನ ಡೆರೆಕ್ ಮುಲ್ಲರ್ ಪಿಎಚ್‌ಡಿಗೆ ಇದನ್ನೇ ಪರೀಕ್ಷಿಸಿದ್ದರು. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೋ ನೋಡಿದವರು "ಚೆನ್ನಾಗಿ ಅರ್ಥವಾಯಿತು" ಅಂದರು, ಅಂಕ ಮಾತ್ರ ಅಷ್ಟೇನೂ ಏರಲಿಲ್ಲ. ಜನರ ತಪ್ಪು ತಿಳಿವಳಿಕೆಯನ್ನೇ ಎತ್ತಿಕೊಂಡು ವಾದಿಸುವ ವಿಡಿಯೋ ಗೊಂದಲ ಅನ್ನಿಸಿತು, ಕಲಿತದ್ದು ಅದರಲ್ಲೇ ಜಾಸ್ತಿ.

ವಿಜ್ಞಾನ ಟೀಚರ್: ಅದಕ್ಕೇ ಅಲ್ವಾ ಮೊದಲು ಬರೆಸೋದು? ತಪ್ಪು ಊಹೆ ಹೊರಗೆ ಬರಲೇಬೇಕು.

ಭಾಷಾ ಶಿಕ್ಷಕ: ತುಣುಕು ನಿಮ್ಮ ವಿಷಯಕ್ಕೆ ಸರಿ. ಕಥಾಚಿತ್ರವನ್ನು ಚೂರು ಮಾಡಿದರೆ ಅದರ ಜೀವವೇ ಹೋಗುತ್ತದೆ. ನಾನು ವರ್ಷಕ್ಕೊಂದು ಸಿನಿಮಾ ಪೂರ್ತಿ ತೋರಿಸುತ್ತೇನೆ. ಆಮೇಲೆ ಒಂದೇ ದೃಶ್ಯವನ್ನು ಸದ್ದಿಲ್ಲದೆ ಮತ್ತೆ ಹಾಕುತ್ತೇನೆ. ಸಂಗೀತ ಹೋದ ಕೂಡಲೇ ಅಳು ಬಂದಿದ್ದ ದೃಶ್ಯ ಸಪ್ಪೆಯಾಗುತ್ತದೆ. ತಮಗೆ ಅಳು ಬರಿಸಿದ್ದು ಯಾವುದು ಅಂತ ಮಕ್ಕಳು ಹುಡುಕುತ್ತಾರೆ. ದಿನವಿಡೀ ವಿಡಿಯೋ ನೋಡುವ ಮಕ್ಕಳಿಗೆ ಇದನ್ನು ಕಲಿಸದಿದ್ದರೆ ಹೇಗೆ?

ಪೋಷಕಿ: ಇದು ಇಷ್ಟವಾಯಿತು. ಆದರೆ ಹೆದರಿಸುವ ದೃಶ್ಯ ಬಂದರೆ?

ಭಾಷಾ ಶಿಕ್ಷಕ: ನಾನು ಮೊದಲು ಪೂರ್ತಿ ನೋಡಿರುತ್ತೇನೆ. ಸಿನಿಮಾಗೆ ಸಿಕ್ಕ ವಯಸ್ಸಿನ ಪ್ರಮಾಣಪತ್ರ ಒಂದನ್ನೇ ನಂಬುವುದಿಲ್ಲ. ಒಂದು ವಾರ ಮುಂಚೆ ಮನೆಗೆ ಚೀಟಿ ಹೋಗುತ್ತದೆ. ಬೇಡ ಅಂದವರಿಗೆ ಅದೇ ವಿಷಯದ ಕಥೆ ಓದಲು ಕೊಡುತ್ತೇನೆ, ಪ್ರಶ್ನೆಗಳು ಎಲ್ಲರಿಗೂ ಒಂದೇ.

ವಿಜ್ಞಾನ ಟೀಚರ್: ಇನ್ನೊಂದು ಮಾತು. ಆಟೋಪ್ಲೇ ಆಫ್ ಮಾಡಿ, ಸಬ್‌ಟೈಟಲ್ ಆನ್ ಮಾಡಿ. ಕಿವಿ ಮಂದ ಇರುವ ಮಗುವಿಗಷ್ಟೇ ಅಲ್ಲ, ಹೊಸ ಪದಗಳ ಕಾಗುಣಿತ ಎಲ್ಲರ ಕಣ್ಣಿಗೂ ಬೀಳುತ್ತದೆ.

ಪೋಷಕಿ: ಹಾಗಾದರೆ ಟೀಚರ್ ಬರದ ದಿನಕ್ಕೆ ಇಂಥ ವಿಡಿಯೋ, ಪ್ರಶ್ನೆ ಹಾಳೆ ಮೊದಲೇ ತಯಾರಿಡಿ ಅಂತ ಶಾಲೆಯಲ್ಲಿ ಕೇಳಲಾ?

ಹಳೇ ಮೇಷ್ಟ್ರು: ಕೇಳಿ. ಆದರೆ ಎಲ್ಲಿ ನಿಲ್ಲಿಸಬೇಕು, ಉತ್ತರಕ್ಕೆ ಮರುಪ್ರಶ್ನೆ ಏನು ಅನ್ನೋದು ಬದಲಿಗೆ ಬಂದವರಿಗೆ ಗೊತ್ತಿರಬೇಕಲ್ಲ. ಅಂಥವರು ಸಿಗದಿದ್ದರೆ ಸುಮ್ನೆ ಲೈಬ್ರರಿಗೆ ಕಳಿಸಲಿ.