ಕ್ರಾಸ್‌ಓವರ್‌ಗೆ ‘ಕೂಡಾಟ’ ಅನ್ನಬಹುದಾ?

ಒಂದು ಪದಕ್ಕೆ ಎರಡು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಗೊಂಬೆಗಳ ಟಿವಿ ಶೋಗಳ ಬಗ್ಗೆ ಮಕ್ಕಳಿಗಾಗಿ ಒಂದು ಸಣ್ಣ ಬರಹ ಮಾಡುತ್ತಿದ್ದೇನೆ. 1980ರಲ್ಲಿ ‘ಸೆಸಮಿ ಸ್ಟ್ರೀಟ್’ ಅನ್ನೋ ಅಮೆರಿಕದ ಗೊಂಬೆ ಶೋಗೆ ‘ಸ್ಟಾರ್ ವಾರ್ಸ್’ ಸಿನಿಮಾದ ರೋಬೋಗಳಾದ ಆರ್2-ಡಿ2, ಸಿ-3ಪಿಒ ಬಂದಿದ್ದವು. ಆರ್2-ಡಿ2 ಅಲ್ಲಿ ಬೀದಿ ಬದಿಯ ಅಗ್ನಿಶಾಮಕ ನಲ್ಲಿಯನ್ನು ಕಂಡು ಮನಸೋಲುತ್ತದೆ, ಪಾಪ. ಅದೇ ವರ್ಷ ಇನ್ನೊಂದು ಗೊಂಬೆ ಶೋ ‘ದಿ ಮಪೆಟ್ ಶೋ’ಗೂ ಅವೆರಡು ಬಂದವು, ಜೊತೆಗೆ ಅದೇ ಸಿನಿಮಾದ ಲ್ಯೂಕ್ ಸ್ಕೈವಾಕರ್ ಮತ್ತು ಚ್ಯೂಬಾಕಾ. ಹೀಗೆ ಒಂದು ಕಥೆಯವರು ಇನ್ನೊಂದು ಕಥೆಗೆ ನುಗ್ಗುವ ಈ ಕ್ರಾಸ್‌ಓವರ್‌ಗೆ ಕನ್ನಡದಲ್ಲಿ ಏನನ್ನೋಣ?

‘ಅತಿಥಿ ಪಾತ್ರ’ ಸಾಲದು, ಅದು ಬಂದು ಹೋಗುವ ಒಬ್ಬರಿಗಷ್ಟೇ. ‘ಬೆರಕೆ’ ಅಂದರೆ ಹಾಲಿಗೆ ನೀರು ನೆನಪಾಗುತ್ತದೆ. ನಮ್ಮ ಧಾರಾವಾಹಿಗಳವರು ‘ಮಹಾಸಂಗಮ’ ಅಂತಾರೆ, ಎಲ್ಲರಿಗೂ ಗೊತ್ತಿರುವ ಪದ, ಆದರೆ ಅದನ್ನು ಕೇಳಿದರೆ ನನಗೆ ಒಂದು ಗಂಟೆಯ ಮದುವೆ ಮನೆ ಎಪಿಸೋಡೇ ಕಣ್ಣ ಮುಂದೆ ಬರುತ್ತದೆ.

ನನಗೆ ಹೊಳೆದದ್ದು ಯಕ್ಷಗಾನದ ‘ಕೂಡಾಟ’. ಜೋಡಾಟ ಅಲ್ಲ. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ಎರಡು ರಂಗಸ್ಥಳದಲ್ಲಿ ಪೈಪೋಟಿಗೆ ಕುಣಿಯುತ್ತವೆ. ಕೂಡಾಟದಲ್ಲಿ ಎರಡೂ ಮೇಳದವರು ಒಂದೇ ರಂಗಸ್ಥಳ ಹತ್ತುತ್ತಾರೆ. ಸರಿಯಾಗಿ ಕೂರುತ್ತದೆ ಅಲ್ವಾ? ಮಪೆಟ್ ಶೋನ ಗೊಂಬೆ ಮಿಸ್ ಪಿಗ್ಗಿಯನ್ನು ಆಡಿಸುತ್ತಿದ್ದ ಫ್ರಾಂಕ್ ಆಜ್ ಅದೇ 1980ರಲ್ಲಿ ‘ಸ್ಟಾರ್ ವಾರ್ಸ್’ನ ಎರಡನೇ ಸಿನಿಮಾದಲ್ಲಿ ಯೋಡಾ ಅನ್ನೋ ಗೊಂಬೆ ಪಾತ್ರವನ್ನೂ ಆಡಿಸಿದರು, ಅಂದರೆ ಎರಡು ಮೇಳಕ್ಕೂ ಒಬ್ಬರೇ ಕಲಾವಿದರು!

ತೊಡಕು ಒಂದಿದೆ. ಕೂಡಾಟದಲ್ಲಿ ಕೂಡುವುದು ಕಲಾವಿದರು, ಕಥೆಗಳಲ್ಲ. ಯಾವ ಮೇಳದವರಾದರೂ ಕೃಷ್ಣ ಕೃಷ್ಣನೇ, ಅರ್ಜುನ ಅರ್ಜುನನೇ. ಇಲ್ಲಿ ಕೂಡುವುದು ಪಾತ್ರಗಳು. ಆ ಮಪೆಟ್ ಶೋ ಇದನ್ನೇ ತಮಾಷೆ ಮಾಡುತ್ತದೆ: ಚ್ಯೂಬಾಕಾನನ್ನು ಹುಡುಕಿಕೊಂಡು ಬಂದ ಲ್ಯೂಕ್, ‘ನಿಮ್ಮ ಶೋಗೆ ಬೇಕಿದ್ದರೆ ನನ್ನ ಕಸಿನ್ ಮಾರ್ಕ್ ಹ್ಯಾಮಿಲ್ ಇದ್ದಾನೆ’ ಅನ್ನೋ ಅರ್ಥದ ಮಾತಾಡಿ ಒಳಗೆ ಹೋಗುತ್ತಾನೆ, ಲ್ಯೂಕ್ ಪಾತ್ರ ಮಾಡುವ ನಟನ ನಿಜವಾದ ಹೆಸರೇ ಮಾರ್ಕ್ ಹ್ಯಾಮಿಲ್, ಅವನೇ ಬಟ್ಟೆ ಬದಲಿಸಿ ಹೊರಗೆ ಬರುತ್ತಾನೆ. ವೇಷವೂ ಬಂತು, ವೇಷಧಾರಿಯೂ ಬಂದ. ಈ ಒಂದು ಎಪಿಸೋಡಿಗಂತೂ ಕೂಡಾಟ ಅನ್ನಲು ನನಗೆ ಅಳುಕಿಲ್ಲ.

ಕರಾವಳಿಯವರು ಹೇಳಿ, ಯಕ್ಷಗಾನದ ಆಟ ಬಿಟ್ಟು ಬೇರೆ ಕಡೆ ಈ ಪದ ಬಳಸಿದರೆ ಕಿವಿಗೆ ಕಿರಿಕಿರಿ ಆಗುತ್ತದಾ? ಬಯಲುಸೀಮೆಯ ಗೆಳೆಯನೊಬ್ಬ ‘ಕೂಡಾಟ’ ಕೇಳಿ ಸುಮ್ನೆ ನಕ್ಕ, ಯಾಕೆ ಅಂತ ನಿಮಗೂ ಗೊತ್ತಾಗಿರಬೇಕು. ಮಕ್ಕಳ ಬರಹಕ್ಕೆ ಅದೇ ಭಯ.

ಇನ್ನೊಂದು. ಈ ಮಪೆಟ್ ಗೊಂಬೆಗಳಿಗೆ ದಾರ ಇಲ್ಲ, ಆಡಿಸುವವರ ಒಂದು ಕೈ ಗೊಂಬೆಯ ಬಾಯೊಳಗೆ, ಇನ್ನೊಂದು ಕೈಯಲ್ಲಿ ಕಡ್ಡಿ. ಹಾಗಾಗಿ ಸೂತ್ರದ ಗೊಂಬೆ ಅನ್ನುವಂತಿಲ್ಲ. ‘ಕೈಗೊಂಬೆ’ ಅಂತ ಬರೆದೆ, ಓದಿದವರು ಯಾವ ಸರ್ಕಾರದ್ದು ಅಂತ ಕೇಳಿದರು. ಬೇರೆ ಪದ ಇದ್ದರೆ ಕೊಡಿ.