ಫ್ರೀಫಾರ್ಮ್ ಮೇಲ್ಮೈ: ‘ಮುಕ್ತರೂಪ’ ಅಂದರೆ ಸಾಕೇ?

ಎಲ್ಲರಿಗೂ ನಮಸ್ಕಾರ.

ಮಸೂರ, ಕನ್ನಡಿಗಳ ತಯಾರಿಕೆಯ ಮೇಲಿನ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫ್ರೀಫಾರ್ಮ್ ಸರ್ಫೇಸ್’ ಎಂಬಲ್ಲಿ ನಾಲ್ಕು ದಿನದಿಂದ ಗಾಡಿ ನಿಂತಿದೆ. ಮೊದಲು ಹೊಳೆದದ್ದು ‘ಮುಕ್ತರೂಪ ಮೇಲ್ಮೈ’. ಮಾರನೇ ದಿನ ಓದಿಕೊಂಡಾಗ ಸರಿಬರಲಿಲ್ಲ. ‘ಮುಕ್ತ ಛಂದ’ ಅಂದರೆ ಗಣದ ಲೆಕ್ಕ ಬಿಟ್ಟ ಪದ್ಯ. ಅದೇ ಜಾಡಿನಲ್ಲಿ ಓದುವವರಿಗೆ ಮುಕ್ತರೂಪವೆಂದರೆ ಹೇಗಿದ್ದರೂ ನಡೆಯುವ ಆಕಾರ ಎಂದಾಗುತ್ತದೆ. ಇದೋ, ಪ್ರತಿ ಬಿಂದುವಿನ ಎತ್ತರವೂ ಮೊದಲೇ ಗೊತ್ತುಮಾಡಿದ ಮೇಲ್ಮೈ. ಕಟ್ಟುನಿಟ್ಟಿನ ಕೆಲಸವಾದರೆ ಕೆಲವು ಹತ್ತುಗಳಷ್ಟು ನ್ಯಾನೋಮೀಟರ್ (ಒಂದು ನ್ಯಾನೋಮೀಟರೆಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಚೀಚೆಯಾದರೂ ತಿರಸ್ಕೃತ.

ಹಾಗಾದರೆ ಬಿಡುಗಡೆ ಯಾವುದರಿಂದ? ಅಕ್ಷದಿಂದ. ಗೋಳೀಯ ಮಸೂರವನ್ನು ನಡುವಿನ ಅಕ್ಷದ ಸುತ್ತ ಎಷ್ಟು ತಿರುಗಿಸಿದರೂ ಅದೇ ಆಕಾರ. ಅಗೋಳೀಯ ಮಸೂರದ ಬಾಗು ನಡುವಿನಿಂದ ಅಂಚಿಗೆ ಬದಲಾಗುತ್ತದೆ, ಆದರೂ ತಿರುಗಿಸಿದರೆ ವ್ಯತ್ಯಾಸ ಕಾಣದು. ಫ್ರೀಫಾರ್ಮಿನಲ್ಲಿ ಆ ಗುಣವೂ ಇಲ್ಲ, ತಿರುಗಿಸಿದರೆ ಆಕಾರ ಬೇರೆಯಾಗುತ್ತದೆ. ಪ್ರೋಗ್ರೆಸಿವ್ ಕನ್ನಡಕವನ್ನೇ ನೋಡಿ: ದೂರಕ್ಕೆ ಮೇಲ್ಭಾಗ, ಓದಲು ಕೆಳಭಾಗ, ನಡುವೆ ಪವರ್ ಮೆಲ್ಲಗೆ ಏರುತ್ತದೆ. ಗಾಜನ್ನು ತಲೆಕೆಳಗು ಕೂರಿಸಿದರೆ ಕೆಲಸಕ್ಕೆ ಬಾರದು. 1972ರ ಪೋಲರಾಯ್ಡ್ ಎಸ್‌ಎಕ್ಸ್-70 ಕ್ಯಾಮೆರಾದ ವ್ಯೂಫೈಂಡರಿನಲ್ಲೂ ಇಂಥ ಮೇಲ್ಮೈ ಇತ್ತು.

ಅಕ್ಷವಿಲ್ಲ ಎಂಬುದೇ ಮುಖ್ಯವಾದರೆ ‘ಅಕ್ಷರಹಿತ ಮೇಲ್ಮೈ’ ಎನ್ನೋಣವೇ? ಬರೆದು, ಗಟ್ಟಿಯಾಗಿ ಓದಿ, ನಾನೇ ನಕ್ಕೆ. ಕನ್ನಡ ಬಲ್ಲ ಯಾರಾದರೂ ಅದನ್ನು ಅಕ್ಷರ-ಹಿತ ಎಂದೇ ಒಡೆಯುತ್ತಾರೆ. ‘ನಿರಕ್ಷ’ಕ್ಕೆ ಹಳೆಯ ಖಗೋಳಗಣಿತದಲ್ಲಿ ಅಕ್ಷಾಂಶವಿಲ್ಲದ್ದು, ಅಂದರೆ ಭೂಮಧ್ಯರೇಖೆಯದ್ದು, ಎಂಬ ಅರ್ಥ ಆಗಲೇ ಇದೆ. ಜೊತೆಗೆ ‘ನಿರಕ್ಷರ’ದ ನೆನಪು ಬೇರೆ. ‘ಅಸಮಮಿತ’ವೂ ಹೊಂದದು, ಎಷ್ಟೋ ಫ್ರೀಫಾರ್ಮುಗಳ ಎಡಭಾಗ ಬಲಭಾಗದ ಪ್ರತಿಬಿಂಬದಂತೆಯೇ ಇರುತ್ತದೆ.

ಮಾಡುವ ಬಗೆಯಿಂದ ಪದ ಸಿಕ್ಕೀತೇ ಎಂದೂ ನೋಡಿದೆ. ಎರಡು ಗಾಜಿನ ಬಿಲ್ಲೆಗಳ ನಡುವೆ ಉಜ್ಜುವ ಪುಡಿ, ನೀರು ಹಾಕಿ, ದಿಕ್ಕು ಬದಲಿಸುತ್ತ ತಿಕ್ಕಿದರೆ ಮೇಲಿನದು ತಗ್ಗಾಗುತ್ತದೆ, ಕೆಳಗಿನದು ಉಬ್ಬಾಗುತ್ತದೆ, ಎರಡೂ ತಾವಾಗಿಯೇ ಗೋಳದ ಕಡೆ ಸಾಗುತ್ತವೆ. ಹೇಗೆ ಸರಿಸಿದರೂ, ಹೇಗೆ ತಿರುಗಿಸಿದರೂ ಒಂದರೊಳಗೊಂದು ಕೂರುವ ಆಕಾರ ಅದು. ಫ್ರೀಫಾರ್ಮಿಗೆ ಆ ಭಾಗ್ಯವಿಲ್ಲ. ಲೇತಿನಲ್ಲಿ ಬಿಲ್ಲೆ ಒಂದು ಸುತ್ತು ಬರುವಷ್ಟರಲ್ಲಿ ವಜ್ರದ ಮೊನೆಯ ಟೂಲ್ ಹಿಂದೆ ಮುಂದೆ ಆಡುತ್ತ ಕೊರೆಯಬೇಕು. ಹಾಗೆ ಕೊರೆದ ಲೋಹದ ಕನ್ನಡಿಯನ್ನು ದೀಪದಡಿ ಓರೆ ಹಿಡಿದರೆ ಸಿ.ಡಿ.ಯಂತೆ ಕಾಮನಬಿಲ್ಲು ಮಿಣುಕುತ್ತದೆ. ಟೂಲ್ ಬಿಟ್ಟುಹೋದ ಗೀರುಗಳ ಆಟ ಅದು. ಆ ಗೀರಿಗಿಂತ ಅಗಲವಾದ, ಒರಟುತನವೆಂದೂ ಆಕಾರದೋಷವೆಂದೂ ಹೇಳಲಾಗದ ನಡುತರದ ಏರಿಳಿತವೂ ಉಳಿಯುವುದುಂಟು. ಅದನ್ನು ‘ತೆರೆಗೆರೆ’ ಎಂದಿದ್ದೇನೆ. ನಡೆದೀತೇ?

ಅಳತೆಯ ಅಧ್ಯಾಯದಲ್ಲಿ ಇನ್ನೂ ದೊಡ್ಡ ತೊಡಕು. ಲೇಸರ್ ಬೆಳಕಿನಲ್ಲಿ ಮೇಲ್ಮೈಯನ್ನು ಸಪಾಟಾದ ಮಾದರಿ ಗಾಜಿನೊಡನೆ ಹೋಲಿಸಿದರೆ ಎರಡರಿಂದ ಬಂದ ಬೆಳಕಿನ ಅಲೆಗಳು ಬೆರೆತು ಕಪ್ಪು-ಬೆಳಕಿನ ‘ವ್ಯತಿಕರಣ ಪಟ್ಟಿಗಳು’ ಮೂಡುತ್ತವೆ. 632.8 ನ್ಯಾನೋಮೀಟರ್ ಲೇಸರಾದರೆ ಪಟ್ಟಿಯಿಂದ ಪಟ್ಟಿಗೆ ಸುಮಾರು 316 ನ್ಯಾನೋಮೀಟರ್ ಎತ್ತರದ ವ್ಯತ್ಯಾಸ. ಫ್ರೀಫಾರ್ಮಿನಲ್ಲಿ ಪಟ್ಟಿಗಳು ಕಿಕ್ಕಿರಿದು ಕ್ಯಾಮೆರಾಗೆ ಬಿಡಿಸಿ ನೋಡಲಾಗದು. ಅದಕ್ಕೇ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಗಾಜಿನ ಮೇಲೆ ಬರೆದ ಹಾಲೊಗ್ರಾಮನ್ನು (ಬೆಳಕನ್ನು ಬಾಗಿಸುವ ಸೂಕ್ಷ್ಮ ಗೆರೆಗಳ ವಿನ್ಯಾಸ) ಮಧ್ಯೆ ಇಟ್ಟು, ಬೆಳಕಿನ ಅಲೆಯನ್ನೇ ಬೇಕಾದ ಆಕಾರಕ್ಕೆ ತಿದ್ದಿ ಕಳಿಸುತ್ತಾರೆ. ಮೇಲ್ಮೈ ಸರಿಯಿದ್ದರೆ ಪಟ್ಟಿಗಳ ಗದ್ದಲವೇ ಅಡಗುತ್ತದೆ. ಈ ನಲ್ ಟೆಸ್ಟ್ ಅನ್ನು ‘ಶೂನ್ಯ ಪರೀಕ್ಷೆ’ ಎಂದರೆ ಪರೀಕ್ಷೆಯೇ ನಡೆಯಲಿಲ್ಲವೇನೋ ಅನ್ನಿಸುತ್ತದೆ. ‘ಶೂನ್ಯಗೊಳಿಸುವ ಪರೀಕ್ಷೆ’ ಎಂದು ಬರೆದು ಮುಂದೆ ಹೋಗಿದ್ದೇನೆ.

ಆದರೆ ತಿದ್ದುವ ಸಾಧನವೇ ತಪ್ಪಿದರೆ? ಹಬಲ್ ಬಾಹ್ಯಾಕಾಶ ದೂರದರ್ಶಕದ 2.4 ಮೀಟರ್ ಕನ್ನಡಿ ಫ್ರೀಫಾರ್ಮ್ ಅಲ್ಲ, ಆದರೂ ಇಲ್ಲಿ ಅದರ ಕಥೆಯೇ ಬೇಕು. ಪರೀಕ್ಷೆಯ ಸಾಧನದೊಳಗೆ ಒಂದು ಮಸೂರ 1.3 ಮಿಲಿಮೀಟರ್ ಜರುಗಿ ಕೂತಿತ್ತು. ಅದು ಹೇಳಿದಂತೆಯೇ ಕನ್ನಡಿಯನ್ನು ಬಲು ನಯವಾಗಿ ಉಜ್ಜಿದರು, ಅಂಚು ಸುಮಾರು 2.2 ಮೈಕ್ರಾನ್ ಹೆಚ್ಚು ಚಪ್ಪಟೆಯಾಯಿತು. 1990ರಲ್ಲಿ ಮೇಲೇರಿದ ಮೇಲೆ ಚಿತ್ರಗಳು ಮಸುಕು. ಪ್ರಿಸಿಷನ್ (ಹೇಳಿದ ಅಳತೆಗೆ ಚೂರೂ ತಪ್ಪದಿರುವುದು) ಇತ್ತು, ಅಕ್ಯುರಸಿ (ಆ ಅಳತೆಯೇ ಸರಿಯಾಗಿರುವುದು) ಇರಲಿಲ್ಲ. ನಾವು ಎರಡಕ್ಕೂ ‘ನಿಖರತೆ’ ಎಂದೇ ಬರೆಯುತ್ತೇವಲ್ಲ, ‘ನಿಖರವಾಗಿದ್ದರೂ ನಿಖರವಾಗಿರಲಿಲ್ಲ’ ಎಂದು ಬರೆಯಲಾದೀತೇ? ‘ಕರಾರುವಾಕ್ಕು’ ಕೂಡ ಆಡುಮಾತಿನಲ್ಲಿ ಎರಡನ್ನೂ ಹೊದ್ದುಕೊಂಡಿದೆ. ಪ್ರಿಸಿಷನ್‌ಗೆ ನಿಖರತೆ ಇರಲಿ, ಅಕ್ಯುರಸಿಗೆ ‘ಸರಿತನ’ ಬರಲಿ ಎಂಬುದು ನನ್ನ ಒಲವು. ಕಿವಿಗೆ ಸ್ವಲ್ಪ ಬೋಳು ಅನ್ನಿಸುತ್ತದೆ, ಒಪ್ಪುತ್ತೇನೆ.

ಫ್ರೀಫಾರ್ಮನ್ನು ಸದ್ಯಕ್ಕೆ ಲೇಸರಿನ ಹಾಗೆ ಇದ್ದಂತೆಯೇ ಬಿಟ್ಟು, ಮೊದಲ ಸಲ ಬಂದಲ್ಲಿ ‘ತಿರುಗಿಸಿದರೆ ಆಕಾರ ಬದಲಾಗುವ ಮೇಲ್ಮೈ’ ಎಂದು ಬಿಡಿಸಿ ಹೇಳಿದ್ದೇನೆ. ಲೇತ್ ಅಥವಾ ಸಾಣೆಯ ಕೆಲಸದಲ್ಲಿ ಕೈ ಆಡಿಸಿದವರು ಯಾರಾದರೂ ಇದ್ದರೆ, ತೆರೆಗೆರೆಯಂಥದ್ದನ್ನು ಅಲ್ಲಿ ಏನೆಂದು ಕರೆಯುತ್ತಾರೆ, ತಿಳಿಸಿ. ಶುಕ್ರವಾರ ಕರಡು ಕಳಿಸಬೇಕು.