ರ‍್ಯಾಪನ್ನು ‘ಓದು’ವುದೋ ‘ಹಾಡು’ವುದೋ? ರಷ್ಯಾದ ಹಸ್ಕಿಯ ಒಂದು ಸಾಲಿನ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದು ಕ್ರಿಯಾಪದ ನನ್ನನ್ನು ಕಾಡುತ್ತಿದೆ. ನಿಮ್ಮ ಸಹಾಯ ಬೇಕು.

ರಷ್ಯಾದ ರ‍್ಯಾಪರ್ ಹಸ್ಕಿಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಅವನ ಬದುಕಿನ ಸಂಗತಿಗಳೆಲ್ಲ ಹೆಚ್ಚು ತೊಂದರೆ ಕೊಡದೆ ಕನ್ನಡಕ್ಕೆ ಬಂದವು. ಬರದೆ ಉಳಿದದ್ದು ಒಂದೇ ಸಾಲು. ‘ಯಾ ಬೂದು ಪೇತ್ ಸ್ವಯೂ ಮೂಜಿಕು.’ ಪದಕ್ಕೆ ಪದ ಇಟ್ಟರೆ ‘ನಾನು ನನ್ನ ಸಂಗೀತವನ್ನು ಹಾಡುತ್ತೇನೆ’ ಅಂತ ಆಗುತ್ತದೆ. ಇದರಲ್ಲೇನು ಕಷ್ಟ ಅಂತ ನಿಮಗೆ ಅನ್ನಿಸಬಹುದು. ಕಷ್ಟ ಇರುವುದು ‘ಹಾಡು’ ಅನ್ನುವುದರಲ್ಲೇ. ರಷ್ಯನ್ನರು ರ‍್ಯಾಪನ್ನು ಹಾಡುವುದಿಲ್ಲ. ಓದುತ್ತಾರೆ.

ಅವರ ಮಾತಿನಲ್ಲಿ ಓದುವುದಕ್ಕೆ ‘ಚಿತಾತ್’, ಹಾಡುವುದಕ್ಕೆ ‘ಪೇತ್’. ಪುಸ್ತಕ, ಪತ್ರಿಕೆ ಓದುವುದು ಚಿತಾತ್. ಪ್ರಾರ್ಥನೆ ಹೇಳುವುದೂ ಚಿತಾತ್, ಮೇಷ್ಟ್ರು ಉಪನ್ಯಾಸ ಕೊಡುವುದೂ ಚಿತಾತ್. ಕವಿ ವೇದಿಕೆ ಮೇಲೆ ನಿಂತು, ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ, ಬಾಯಿಪಾಠವಾಗಿ ತನ್ನ ಪದ್ಯ ಹೇಳಿದರೆ ಅದೂ ಚಿತಾತ್. ರ‍್ಯಾಪ್ ಅಲ್ಲಿಗೆ ಬಂದಾಗ ಹಾಡಿನ ಸಾಲಿಗೆ ಸೇರಲಿಲ್ಲ, ಪದ್ಯದ ಸಾಲಿಗೆ ಸೇರಿತು. ‘ಚಿತಾತ್ ರೆಪ್’ ಅನ್ನುತ್ತಾರೆ, ಅಂದರೆ ರ‍್ಯಾಪ್ ಓದು. ರ‍್ಯಾಪರ್ ಸಾಲುಗಳನ್ನು ಒಪ್ಪಿಸುವ ಬಗೆಗೆ ಅದೇ ಬೇರಿನಿಂದ ಬಂದ ‘ಚೀತ್ಕ’ ಅನ್ನುವ ಹೆಸರೂ ಇದೆ. (ಚಿತಾತ್ ಅನ್ನುವುದಕ್ಕೂ ಸಂಸ್ಕೃತದ ‘ಚಿತ್’ಗೂ ಬೇರು ಒಂದೇ. ನಮ್ಮ ‘ಚಿತ್ತ’ ಹುಟ್ಟಿದ್ದೂ ಅದರಿಂದಲೇ. ಈ ನಂಟು ನನಗೆ ತುಂಬಾ ಇಷ್ಟ.)

ಈಗ ಹಸ್ಕಿಯ ವಿಷಯಕ್ಕೆ ಬರುತ್ತೇನೆ. ನಿಜವಾದ ಹೆಸರು ದ್ಮಿತ್ರಿ ಕುಜ್ನೆತ್ಸೋವ್. 1993ರ ಫೆಬ್ರವರಿ 10ರಂದು ಬುರ್ಯಾತಿಯಾದ ರಾಜಧಾನಿ ಉಲಾನ್-ಉದೆಯಲ್ಲಿ ಹುಟ್ಟಿದ. ಬೈಕಲ್ ಸರೋವರದ ಆಚೆಗಿನ ಊರು ಅದು. ಅಲ್ಲಿಂದ ಮಾಸ್ಕೋಗೆ ಬಂದು ಮಾಸ್ಕೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದ. 2011ರಲ್ಲಿ ‘ಅಕ್ಟೋಬರ್ ಏಳು’ ಅನ್ನುವ ಹೆಸರಿನ ರ‍್ಯಾಪ್ ಹೊರಬಿಟ್ಟ. ಅಕ್ಟೋಬರ್ 7 ಪುಟಿನ್ ಹುಟ್ಟಿದ ದಿನ. ಆಗ ಹುಡುಗನಿಗೆ ಹದಿನೆಂಟು ವರ್ಷ.

ಎರಡು ವರ್ಷ ಬಿಟ್ಟು ಮೊದಲ ಆಲ್ಬಂ ಬಂತು. ಅದರ ಹೆಸರಿಗೆ ಬಂದಾಗ ನಾನು ಪೆನ್ನು ಕೆಳಗಿಟ್ಟು ಕೂತುಬಿಟ್ಟೆ. ‘ಸಬಾಚ್ಯ ಝಿಜ್ನ್’ ಅಂದರೆ ನಾಯಿಯ ಬದುಕು. ಕನ್ನಡದಲ್ಲಿ ‘ನಾಯಿಪಾಡು’ ಅನ್ನುವ ಮಾತು ಇದಕ್ಕಾಗಿಯೇ ಕಾದು ಕೂತಿದ್ದಂತಿದೆ, ಅಲ್ವಾ? ಅವನ ಅಡ್ಡಹೆಸರು ನಾಯಿಯ ತಳಿಯದ್ದು, ಹಾಡುಗಳ ತುಂಬ ಬೀದಿನಾಯಿಗಳೇ. ಆದರೆ ಆಲ್ಬಂ ಮೇಲೆ ಅವನು ಆ ಹೆಸರನ್ನು ಪೂರ್ತಿ ಬರೆದಿಲ್ಲ. ಸ್ವರಗಳನ್ನೆಲ್ಲ ಕಿತ್ತುಹಾಕಿದ್ದಾನೆ. ಉಳಿದದ್ದು ‘ಸ್‌ಬ್‌ಚ್ ಝ್‌ಜ್‌ನ್’. ರಷ್ಯನ್ ಓದುಗ ಅದನ್ನು ನೋಡಿದ ಕೂಡಲೇ ಸ್ವರ ತುಂಬಿಕೊಂಡು ಓದಿಬಿಡುತ್ತಾನೆ. ಅವರ ಬರಹದಲ್ಲಿ ಸ್ವರಕ್ಕೆ ಬೇರೆ ಅಕ್ಷರ, ವ್ಯಂಜನಕ್ಕೆ ಬೇರೆ ಅಕ್ಷರ. ನಮ್ಮಲ್ಲಿ ಗುಣಿತ. ಸ್ವರ ವ್ಯಂಜನದ ಮೈಯಲ್ಲೇ ಇರುತ್ತದೆ. ‘ನಾಯಿಪಾಡು’ವಿನ ಸ್ವರ ತೆಗೆದರೆ ‘ನ್‌ಯ್‌ಪ್‌ಡ್’ ಆಗುತ್ತದೆ. ಸ್ವರ ಬಿಟ್ಟಲ್ಲೆಲ್ಲ ಒಂದೊಂದು ಅರ್ಧಾಕ್ಷರದ ಗುರುತು ಹೊಸದಾಗಿ ಬಂದು ಕೂರುತ್ತದೆ. ಅಲ್ಲಿ ಕಳೆದುಕೊಂಡ ಹಾಗೆ ಕಾಣುವುದು ಇಲ್ಲಿ ಸೇರಿಸಿದ ಹಾಗೆ ಕಾಣುತ್ತದೆ. ನಾನು ‘ನಯಪಡ’ ಅಂತ ಗುಣಿತ ಮಾತ್ರ ಕಳಚಿ ಬರೆಯೋಣ ಅಂತಿದ್ದೇನೆ. ತಪ್ಪಾದರೆ ತಿದ್ದಿ.

2017ರ ಆಲ್ಬಂ ‘ಊಹೆಯ ಜನರ ಅಚ್ಚುಮೆಚ್ಚಿನ ಹಾಡುಗಳು’ ಅವನಿಗೆ ದೇಶದ ತುಂಬ ಹೆಸರು ತಂದಿತು. ಮೂಲದಲ್ಲಿ ‘ಊಹೆಯ’ ಅನ್ನುವ ಪದ ಆವರಣದೊಳಗಿದೆ. ಹೆಸರಿನಲ್ಲಿರುವುದು ‘ಪೇಸ್ನಿ’, ಅಂದರೆ ಹಾಡುಗಳು. ಅದು ‘ಪೇತ್’ ಬೇರಿನದೇ ಪದ. ಹಾಡು ಅಂತ ಹೆಸರಿಡಬಹುದು, ಆದರೆ ಒಪ್ಪಿಸುವಾಗ ಓದುವುದು. ಅದೇ ವರ್ಷದ ‘ಪೂಲ್ಯ ದೂರ’ ಅನ್ನುವ ಹಾಡಿನ ಹೆಸರೂ ತೊಡಕಿನದೇ. ಹದಿನೆಂಟನೇ ಶತಮಾನದ ಸೇನಾಪತಿ ಸುವೋರೊವ್ ಹೇಳಿದ ಮಾತೊಂದಿದೆ. ಗುಂಡು ಪೆದ್ದಿ, ಬಂದೂಕಿನ ತುದಿಯ ಕತ್ತಿ ಗಟ್ಟಿಗ ಅಂತ. ರಷ್ಯನ್‌ನಲ್ಲಿ ಗುಂಡು ಸ್ತ್ರೀಲಿಂಗ, ಅದಕ್ಕೇ ಅವಳು ‘ದೂರ’, ಪೆದ್ದಿ. ಕನ್ನಡದಲ್ಲಿ ಗುಂಡು ‘ಅದು’. ಕೊನೆಗೆ ‘ಪೆದ್ದ ಗುಂಡು’ ಅಂತ ಬರೆದು ಮುಂದೆ ಹೋದೆ.

ಅವನ ಸುತ್ತ ಗದ್ದಲ ಯಾಕೆ ಅಂತ ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಪುಟಿನ್ ಬಗ್ಗೆ ಅಣಕದ ರ‍್ಯಾಪ್ ಮಾಡಿದವನೇ ಡಾನ್‌ಬಾಸ್‌ಗೂ ಹೋಗಿ ಬಂದ. ಪೂರ್ವ ಉಕ್ರೇನಿನ ಆ ಪ್ರದೇಶದ ಪ್ರತ್ಯೇಕತಾವಾದಿಗಳ ಪರ ನಿಂತ ಲೇಖಕ ಜಖಾರ್ ಪ್ರಿಲೇಪಿನ್ ಅವನ ಗೆಳೆಯ. ಹಾಗಾಗಿ ಸರ್ಕಾರದ ವಿರೋಧಿಗಳಿಗೂ ಅವನ ಮೇಲೆ ಅನುಮಾನ, ಸರ್ಕಾರಕ್ಕೂ ಅನುಮಾನ. ನನಗೂ ಅವನ ನಿಲುವುಗಳು ಎಲ್ಲವೂ ಒಪ್ಪಿಗೆಯಲ್ಲ. ಆದರೆ ಭಾಷೆಯನ್ನು ಅವನ ಹಾಗೆ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಳ್ಳುವವರು ಕಡಿಮೆ. ಅದಕ್ಕೇ ಈ ಲೇಖನ.

2018ರ ನವೆಂಬರ್ ಅವನ ಪಾಲಿಗೆ ಕೆಟ್ಟ ತಿಂಗಳು. ‘ಯೂದ’ ಅನ್ನುವ ಹಾಡಿನ ವಿಡಿಯೊವನ್ನು ಸರ್ಕಾರದ ಒತ್ತಾಯಕ್ಕೆ ಯೂಟ್ಯೂಬ್ ರಷ್ಯಾದೊಳಗೆ ಕಾಣದ ಹಾಗೆ ಮಾಡಿತು. ಊರೂರಿನಲ್ಲಿ ಅವನ ಕಾರ್ಯಕ್ರಮಗಳು ರದ್ದಾದವು. 21ರ ರಾತ್ರಿ ದಕ್ಷಿಣದ ಕ್ರಾಸ್ನೊದಾರ್‌ನಲ್ಲೂ ಹಾಗೇ ಆಯಿತು. ಜನ ಸೇರಿದ್ದರು, ಕಾರ್ಯಕ್ರಮ ನಡೆಯಲು ಬಿಡಲಿಲ್ಲ. ಹಸ್ಕಿ ಬೀದಿಗೆ ಬಂದು, ಅಲ್ಲಿ ನಿಂತಿದ್ದ ಒಂದು ಕಾರಿನ ಮೇಲೆ ಹತ್ತಿ, ಮೈಕ್ ಇಲ್ಲದೆ, ತಾಳ ಇಲ್ಲದೆ ಶುರು ಮಾಡಿದ. ಸುತ್ತ ನಿಂತ ಹುಡುಗ ಹುಡುಗಿಯರು ದನಿಗೂಡಿಸಿದರು. ಪೊಲೀಸರು ಇಳಿಸಿ ಕರೆದುಕೊಂಡು ಹೋದರು. ಕೋರ್ಟು 12 ದಿನದ ಸೆರೆ ಕೊಟ್ಟಿತು.

ಅಪರಾಧದ ಹೆಸರು ‘ಮೆಲ್ಕಯೆ ಹುಲಿಗಾನ್‌ಸ್ತ್ವ’. ಇಂಗ್ಲಿಷಿನ ಹೂಲಿಗನ್ ಪದ ಅಲ್ಲಿಗೆ ಹೋಗಿ ಕಾನೂನಿನ ಪುಸ್ತಕ ಸೇರಿಬಿಟ್ಟಿದೆ. ‘ಮೆಲ್ಕಯೆ’ ಅಂದರೆ ಸಣ್ಣದು, ಚಿಲ್ಲರೆಯದು. ನಮ್ಮಲ್ಲಿ ಗೂಂಡಾ ಕಾಯ್ದೆ ಇದೆ, ಆದರೆ ‘ಗೂಂಡಾಗಿರಿ’ ಅಂದರೆ ಕೈಯಲ್ಲಿ ಮಚ್ಚು ಕಾಣಿಸುತ್ತದೆ. ಇದು ಅಷ್ಟು ದೊಡ್ಡದಲ್ಲ. ‘ಸಣ್ಣಪುಟ್ಟ ಪುಂಡಾಟ’ ಅಂತ ಬರೆದಿದ್ದೇನೆ. ಅದಕ್ಕಿಂತ ಒಳ್ಳೆಯದು ಹೊಳೆದರೆ ಹೇಳಿ. ಕನ್ನಡದ ಕಿವಿಗೆ ಆ ಪದದಲ್ಲಿ ‘ಹುಲಿ ಗಾನ’ ಕೇಳಿಸುತ್ತದೆ. ಕಾರಿನ ಮೇಲೆ ನಿಂತು ಹಾಡಿದ್ದಕ್ಕೆ ಒಳಗೆ ಹೋದವನ ಮೇಲಿನ ಆರೋಪ ನಮಗೆ ಹಾಗೆ ಕೇಳಿಸುವುದು ಬರೀ ಕಾಕತಾಳೀಯ. ಆದರೂ ಅದು ಮನಸ್ಸಿನಿಂದ ಹೋಗುತ್ತಿಲ್ಲ.

ನಾನು ಮೊದಲು ಕೊಟ್ಟ ಸಾಲು ಆ ರಾತ್ರಿಯ ಕೂಗು. ಐದು ದಿನ ಆದ ಮೇಲೆ, 26ರಂದು, ಒಕ್ಸಿಮಿರೋನ್, ಬಸ್ತ, ನೊಯ್ಜ್ ಎಂಸಿ ಅನ್ನುವ ಮೂರು ದೊಡ್ಡ ರ‍್ಯಾಪರ್‌ಗಳು ಅವನ ಬೆಂಬಲಕ್ಕೆ ಮಾಸ್ಕೋದಲ್ಲಿ ಕಾರ್ಯಕ್ರಮ ಮಾಡಿದರು. ಅದಕ್ಕೆ ಇಟ್ಟ ಹೆಸರು ಇದೇ ಸಾಲು. ಅದೇ ದಿನ ಹಸ್ಕಿಯನ್ನು ಅವಧಿಗೆ ಮೊದಲೇ ಬಿಟ್ಟುಬಿಟ್ಟರು. ಡಿಸೆಂಬರ್ 15ರಂದು ಸಂಸ್ಕೃತಿ ಮಂಡಳಿಯ ಸಭೆಯಲ್ಲಿ ಪುಟಿನ್ ಕೂಡ ರ‍್ಯಾಪ್ ಬಗ್ಗೆ ಮಾತಾಡಿದರು. ಅದನ್ನು ತಡೆಯಲು ಆಗದಿದ್ದರೆ ನಾವೇ ಅದರ ಮುಂದೆ ನಿಂತು ದಾರಿ ತೋರಿಸಬೇಕು ಅನ್ನುವ ಅರ್ಥದ ಮಾತು. ಅವರು ಬಳಸಿದ ‘ವಜ್‌ಗ್ಲಾವಿತ್’ ಅನ್ನುವ ಪದದೊಳಗೆ ‘ತಲೆ’ ಇದೆ. ತಲೆಯಾಗಿ ನಿಲ್ಲುವುದು.

ಈಗ ಆ ಸಾಲನ್ನು ಮತ್ತೆ ನೋಡಿ. ಎಲ್ಲರೂ ‘ಓದುತ್ತಾರೆ’ ಅನ್ನುವ ಕೆಲಸವನ್ನು ಇಲ್ಲಿ ‘ಹಾಡುತ್ತೇನೆ’ ಅಂದಿದ್ದಾರೆ. ರಷ್ಯನ್ ಕಿವಿಗೆ ಅದು ತಕ್ಷಣ ತಟ್ಟುತ್ತದೆ. ಜೊತೆಗೆ ಅಲ್ಲಿ ಹಾಡನ್ನು ಹಾಡುತ್ತಾರೆಯೇ ಹೊರತು ಸಂಗೀತವನ್ನು ಹಾಡುವುದಿಲ್ಲ. ಅದೂ ಸ್ವಲ್ಪ ವಾರೆ. ವ್ಯಾಕರಣ ಮುರಿದಿಲ್ಲ, ಆದರೆ ಎಳೆಮಗು ಆಡಿದ ಮಾತಿನ ಹಾಗಿದೆ. ಪದ್ಯದ ಗತ್ತು ಬಿಟ್ಟು, ಕಲಿತದ್ದೆಲ್ಲ ಬಿಟ್ಟು, ಬರೀ ಗಂಟಲು ಉಳಿದವರು ಹೇಳುವ ಮಾತು. ನನಗೆ ಕೇಳಿಸುವುದು ಹಾಗೆ.

ಕನ್ನಡದಲ್ಲಿ ಇದೆಲ್ಲ ಕರಗಿ ಹೋಗುತ್ತದೆ. ನಾವು ‘ಸಂಗೀತ ಹಾಡ್ತಾರೆ’ ಅಂತ ದಿನಾ ಹೇಳುತ್ತೇವೆ, ಅದರಲ್ಲಿ ಏನೂ ವಿಶೇಷ ಇಲ್ಲ. ರ‍್ಯಾಪಿಗೂ ನಮ್ಮಲ್ಲಿ ‘ಹಾಡು’ ಅನ್ನುತ್ತೇವೆ, ಇಲ್ಲವೇ ‘ರ‍್ಯಾಪ್ ಮಾಡ್ತಾರೆ’ ಅನ್ನುತ್ತೇವೆ. ಚಂದನ್ ಶೆಟ್ಟಿ, ಆಲ್ ಓಕೆ ರ‍್ಯಾಪ್ ‘ಓದಿದರು’ ಅಂದರೆ ಕೇಳಿದವರು ಪುಸ್ತಕ ಎಲ್ಲಿ ಅಂತ ಹುಡುಕಬಹುದು. ಹಾಗಾದರೆ ಲೇಖನದ ಮೊದಲ ಭಾಗದಲ್ಲಿ ಅವನು ಏನು ಮಾಡುತ್ತಾನೆ ಅಂತ ಬರೆಯಲಿ? ಅಲ್ಲಿ ಬೇರೆ ಕ್ರಿಯಾಪದ ಇದ್ದರೆ ತಾನೇ ಕಾರಿನ ಮೇಲೆ ‘ಹಾಡ್ತೀನಿ’ ಅಂದಾಗ ತಿರುವು ತಿಳಿಯುವುದು?

‘ವಾಚಿಸು’ ನೋಡಿದೆ. ಅದು ಕವಿಗೋಷ್ಠಿಯ ಮಾತು. ಬೀದಿಗೆ ಇಳಿಯುವುದಿಲ್ಲ. ‘ಪಠಿಸು’ ದೇವರಮನೆಯದು. ‘ಹೇಳು’ ಚೆನ್ನಾಗಿದೆ. ಕರಾವಳಿಯಲ್ಲಿ ಭಾಗವತರು ಪದ್ಯ ‘ಹೇಳುತ್ತಾರೆ’. ಆದರೆ ನಮ್ಮ ಮನೆಗಳಲ್ಲಿ ‘ಎಲ್ಲಿ, ಒಂದು ಹಾಡು ಹೇಳು ಪುಟ್ಟಿ’ ಅಂದರೆ ಹಾಡು ಅಂತಲೇ ಅರ್ಥ. ಹೇಳುವುದಕ್ಕೂ ಹಾಡುವುದಕ್ಕೂ ನಡುವೆ ನಮ್ಮಲ್ಲಿ ಬೇಲಿ ಇಲ್ಲ.

ಸುತ್ತಿ ಸುತ್ತಿ ಕೊನೆಗೆ ‘ಓದು’ ಹತ್ತಿರಕ್ಕೇ ಬಂದೆ. ನಾನು ಅರಸೀಕೆರೆ ಕಡೆಯವನು. ಮಳೆ ಹೋದ ವರ್ಷ ನಮ್ಮ ತಾತನ ಕಾಲದಲ್ಲಿ ಗುಡಿಯ ಮುಂದೆ ವಿರಾಟಪರ್ವ ‘ಓದಿಸುತ್ತಿದ್ದರು’. ಓದುತ್ತಿದ್ದವರು ರಾಗವಾಗಿಯೇ ಓದುತ್ತಿದ್ದರು. ಅರ್ಧಕ್ಕೂ ಜಾಸ್ತಿ ಬಾಯಿಗೇ ಬರುತ್ತಿತ್ತು, ಕಣ್ಣು ಪುಸ್ತಕದ ಮೇಲೆ ಇರುತ್ತಿರಲಿಲ್ಲ. ಅದನ್ನು ಯಾರೂ ‘ಭಾರತ ಹಾಡಿದರು’ ಅನ್ನಲಿಲ್ಲ. ಭಾರತ ಓದಿದರು ಅಂತಲೇ ಅಂದರು. ಮದುವೆಯಲ್ಲಿ ಮುಯ್ಯಿ ‘ಓದಿಸುವುದು’ ಅಂದರೆ ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗಿ ಹೇಳಿಸುವುದು. ದರ್ಗಾಕ್ಕೆ ಹೋಗಿ ಸಕ್ಕರೆ ‘ಓದಿಸಿಕೊಂಡು’ ಬರುತ್ತೇವೆ. ಅಲ್ಲಿ ಕಣ್ಣಿಗೆ ಕೆಲಸವೇ ಇಲ್ಲ, ಎಲ್ಲ ನಾಲಿಗೆಯದು. ಗಿಳಿಯೋದು ಅನ್ನುವ ಹಳೆಯ ಮಾತೂ ಇದೆ. ಗಿಳಿಗೆಲ್ಲಿಯ ಪುಸ್ತಕ? ಓದು ಅಂದರೆ ದನಿ ಎತ್ತಿ ಒಪ್ಪಿಸುವುದು ಅನ್ನುವ ಅರ್ಥ ನಮ್ಮಲ್ಲೂ ಇದ್ದೇ ಇದೆ. ಸುಮ್ನೆ ಮನಸ್ಸಿನೊಳಗೆ ಓದಿಕೊಳ್ಳುವ ಅಭ್ಯಾಸ ಜಾಸ್ತಿಯಾಗಿ ಅದು ಮೂಲೆಗೆ ಸರಿದಿದೆ, ಅಷ್ಟೆ.

ಇನ್ನೊಂದು ಕಾರಣಕ್ಕೂ ನನಗೆ ಈ ಪದ ಬೇಕು. ಮಾಸ್ಕೋದಲ್ಲಿ ಕವಿ ಮಯಕೋವ್ಸ್ಕಿಯ ಪ್ರತಿಮೆ 1958ರಲ್ಲಿ ಎದ್ದ ಮೇಲೆ ಹುಡುಗರು ಅದರ ಕೆಳಗೆ ಸೇರಿ ಪದ್ಯ ‘ಓದಲು’ ಶುರು ಮಾಡಿದರು. ಆ ಕೂಟಗಳಿಗೆ ಹೆಸರೇ ‘ಓದುಗಳು’. ಅರವತ್ತರ ದಶಕದ ಶುರುವಿನಲ್ಲಿ ಸರ್ಕಾರ ಅದನ್ನು ಮುರಿಯಿತು. 2022ರ ಸೆಪ್ಟೆಂಬರ್‌ನಲ್ಲಿ ಅದೇ ಜಾಗದಲ್ಲಿ ಯುದ್ಧದ ವಿರುದ್ಧ ಪದ್ಯ ಓದಿದ ಅರ್ತ್ಯೋಮ್ ಕಮಾರ್ದಿನ್‌ಗೆ ಮುಂದಿನ ವರ್ಷದ ಕೊನೆಗೆ ಏಳು ವರ್ಷದ ಶಿಕ್ಷೆಯಾಯಿತು. ಅಲ್ಲಿ ‘ಓದು’ ಅನ್ನುವುದು ಅಷ್ಟು ತೂಕದ ಪದ. ರ‍್ಯಾಪಿಗೆ ಆ ತೂಕ ಅಲ್ಲಿಂದಲೂ ಬಂದಿದೆ ಅಂತ ನಾನು ನಂಬುತ್ತೇನೆ. ‘ರ‍್ಯಾಪ್ ಮಾಡು’ ಅಂತ ಬರೆದರೆ ಇದೆಲ್ಲ ಕೈಬಿಟ್ಟು ಹೋಗುತ್ತದೆ.

ಇನ್ನು ‘ಬೂದು ಪೇತ್’. ಒಂದು ಸಲ ಹಾಡಿ ಮುಗಿಸುವುದಾದರೆ ರಷ್ಯನ್‌ನಲ್ಲಿ ‘ಸ್ಪಯೂ’ ಅನ್ನಬೇಕು. ‘ಬೂದು ಪೇತ್’ ಅಂದರೆ ಹಾಡುವುದು ನಿಲ್ಲುವುದಿಲ್ಲ. ನಮ್ಮ ‘ಹಾಡ್ತೀನಿ’ಗೆ ಎರಡೂ ಅರ್ಥ ಇದೆ. ‘ಹಾಡ್ತಾನೇ ಇರ್ತೀನಿ’ ಅಂದರೆ ಸರಿಹೋಗುತ್ತದೆ, ಆದರೆ ಕೂಗಲು ಉದ್ದ. ‘ಸ್ವಯೂ’ ನಮ್ಮ ‘ಸ್ವ’ದ ನೆಂಟ. ‘ನನ್ನದೇ’ ಅನ್ನುವ ಒತ್ತು ಅದರಲ್ಲಿದೆ.

ಸದ್ಯಕ್ಕೆ ನನ್ನ ಕರಡು ಹೀಗಿದೆ. ಲೇಖನದ ಉದ್ದಕ್ಕೂ ಹಸ್ಕಿ ರ‍್ಯಾಪ್ ‘ಓದುತ್ತಾನೆ’. ಮೊದಲ ಸಲ ಬಂದಾಗ ಭಾರತ ಓದಿದ ಹಾಗೆ ಅಂತ ಅರ್ಧ ಸಾಲಿನ ವಿವರಣೆ ಕೊಟ್ಟಿದ್ದೇನೆ. ಕಾರಿನ ಮೇಲೆ ಹತ್ತಿದಾಗ ಮಾತ್ರ ‘ನನ್ನ ಪದ ನಾನು ಹಾಡೇ ಹಾಡ್ತೀನಿ’. ‘ಸಂಗೀತ’ ಬಿಟ್ಟು ‘ಪದ’ ಹಾಕಿದ್ದು ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ. ‘ಪದ’ ಅಂದ ಕೂಡಲೇ ಡಪ್ಪು, ತುಂತುಣಿ ನೆನಪಾಗಿ ಕ್ರಾಸ್ನೊದಾರ್ ನಮ್ಮ ಊರಾಗಿಬಿಡುತ್ತದೇನೋ ಅನ್ನುವ ಭಯ ಇದೆ.

ಇಲ್ಲಿ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯವರು ಇದ್ದೀರಿ. ಹರದೇಶಿ–ನಾಗೇಶಿ ಹಾಡಿನ ಎರಡು ಪಂಗಡದವರು ಎದುರುಬದುರು ನಿಂತು ಸವಾಲು ಹಾಕುವಾಗ, ರಾಗ ಕಡಿಮೆಯಾಗಿ ಮಾತು ಜೋರಾಗಿ ಓಡುವ ಭಾಗ ಬರುತ್ತದಲ್ಲ, ಅದಕ್ಕೆ ನಿಮ್ಮಲ್ಲಿ ಬೇರೆ ಕ್ರಿಯಾಪದ ಇದೆಯೇ? ಅಥವಾ ಅದನ್ನೂ ‘ಹಾಡಕಿ’ ಅಂತಲೇ ಅನ್ನುತ್ತೀರಾ? ನಿಮ್ಮ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಲೇಖನ ಕೊಡಲು ಇನ್ನೂ ಹತ್ತು ದಿನ ಇದೆ. ಕಾಯುತ್ತೇನೆ.